ಇಮೋಕಲಿಯ ಕೂಲಿಕಾರರ ಜೊತೆಯಲ್ಲಿ

ಮಂಗಳವಾರ

ಅಮೆರಿಕದ ಅಂಗಡಿಗಳಲ್ಲಿ ಚಳಿಗಾಲದಲ್ಲಿ ಸಿಗುವ, ಆ ದೇಶದಲ್ಲೇ ಬೆಳೆದ ತಾಜಾ ಟೊಮೆಟೊದ ಬಹುಪಾಲು ಫ್ಲಾರಿಡಾ ರಾಜ್ಯದಿಂದ ಬರುತ್ತದೆ. ಆ ಬೆಳೆಗೆ ಕೇಂದ್ರವಾದ ಊರು ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಇಮೋಕಲಿ. ಕೋಲಾರ ಜಿಲ್ಲೆಯ ಟೊಮೆಟೊ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಬಂದು ಟ್ಯಾಂಪಾದಲ್ಲಿ ನೆಲೆಸಿದ ನನಗೆ ಈ ಊರಿನ ಹೆಸರು ಗೊತ್ತಾದದ್ದು ನಮ್ಮ ಬಡಾವಣೆಯ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದ ಚರ್ಚಿನ ಪಾದ್ರಿಯವರಿಂದ. ಅವರು ಎಪ್ಪತ್ತು ದಾಟಿದ ಹೆಂಗಸು. ಇಮೋಕಲಿಯ ಹೊಲದ ಕೂಲಿಕಾರರು ಇಪ್ಪತ್ತು ವರ್ಷಗಳ ಹಿಂದೆ ದೇಶದ ಊರೂರು ಸುತ್ತಿ ಪ್ರತಿಭಟನೆ ನಡೆಸುತ್ತಿದ್ದಾಗ ಅವರಿಗೆ ಚರ್ಚಿನ ಸಭಾಂಗಣದಲ್ಲಿ ಹಾಸಿಗೆ ಹಾಸಿ, ಬೆಳಗಿನ ತಿಂಡಿ ಮಾಡಿ ಬಡಿಸಿದವರು. ಈ ಬಾರಿ ಕೂಲಿಕಾರರ ಸಂಘಟನೆಯೇ ಬೇರೆ ಬೇರೆ ಧರ್ಮದ ಬೆಂಬಲಿಗರನ್ನು ತನ್ನೂರಿಗೆ ಕರೆದಿತ್ತು. ಪಾದ್ರಿಯವರ ಜೊತೆ ಒಬ್ಬ ರಬೈ ಅಂದರೆ ಯಹೂದಿ ಧರ್ಮಗುರು, ಅವರ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದ ಇಬ್ಬರು ಸದಸ್ಯರು, ಒಬ್ಬ ಕ್ಯಾಥೊಲಿಕ್ ಸನ್ಯಾಸಿನಿ, ಭಟ್ಕಳ ಮೂಲದ ಒಬ್ಬ ಎಂಜಿನಿಯರ್ ಮತ್ತು ನಾನು ವ್ಯಾನ್ ಹತ್ತಿದೆವು. ಭಟ್ಕಳದವರು ರಮ್ಜಾನಿನ ಉಪವಾಸದಲ್ಲಿದ್ದರು. ದಾರಿಯುದ್ದಕ್ಕೂ ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದೆವು.

ಫೋರ್ಟ್ ಮೈಯರ್ಸ್ ದಾಟಿ ಒಳನಾಡಿನ ರಸ್ತೆಗೆ ತಿರುಗಿದ ಮೇಲೆ ನೋಟವೇ ಬೇರೆಯಾಯಿತು. ಕಡಲ ತೀರದ ಬಂಗಲೆಗಳು, ಗಾಲ್ಫ್ ಮೈದಾನಗಳು ಹಿಂದೆ ಸರಿದವು; ರೋಗ ಬಡಿದು ಒಣಗಿದ ಕಿತ್ತಳೆ ತೋಟಗಳು, ಬಳಿಕ ಕಣ್ಣು ಹಾಯುವಷ್ಟು ದೂರ ಮಲ್ಚಿಂಗ್ ಶೀಟ್ ಹೊದಿಸಿ, ಕಡ್ಡಿ ನೆಟ್ಟು, ದಾರ ಎಳೆದು ಕಟ್ಟಿದ ಟೊಮೆಟೊ ಸಾಲುಗಳು ಬಂದವು. ಶ್ರೀನಿವಾಸಪುರದ ಕಡೆ ಅರ್ಧ ಎಕರೆ, ಒಂದು ಎಕರೆಯಲ್ಲಿ ಕಾಣುವ ಅದೇ ಕಡ್ಡಿ, ಅದೇ ದಾರ, ಇಲ್ಲಿ ನೂರಾರು ಎಕರೆಗಳಲ್ಲಿ ಹಬ್ಬಿತ್ತು. ಇಮೋಕಲಿ ಇರುವುದು ಕಾಲಿಯರ್ ಕೌಂಟಿಯಲ್ಲಿ; ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅಮೆರಿಕದ ಸಿರಿವಂತರು ಚಳಿಗಾಲ ಕಳೆಯಲು ಬರುವ ನೇಪಲ್ಸ್ ನಗರವೂ ಅದೇ ಕೌಂಟಿಗೆ ಸೇರಿದ್ದು. ಎರಡೂ ಊರುಗಳ ನಡುವೆ ಕಾರಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.

ಸಂಜೆ ನಾವು ಉಳಿದುಕೊಂಡ ಚರ್ಚಿನ ಸಭಾಂಗಣಕ್ಕೆ ಸಂಘಟನೆಯ ಒಬ್ಬ ಸದಸ್ಯೆ ಬಂದು ಕೆಲವು ಮಾತು ಹೇಳಿದರು. ಯಾರ ಮುಖದ ಫೋಟೊವನ್ನೂ ಕೇಳದೆ ತೆಗೆಯಬಾರದು, ಯಾರ ವೀಸಾ ಕಾಗದಪತ್ರದ ವಿಷಯವನ್ನೂ ಕೇಳಬಾರದು, ಹಳೆ ಬಟ್ಟೆ ಹಂಚುವುದಕ್ಕೆ ತಂದಿದ್ದರೆ ಅದನ್ನು ಹಾಗೆಯೇ ವಾಪಸು ಒಯ್ಯಬೇಕು. 2023ರಲ್ಲಿ ಫ್ಲಾರಿಡಾ ಸರ್ಕಾರ ದಾಖಲೆಯಿಲ್ಲದ ವಲಸಿಗರ ವಿರುದ್ಧ ಕಠಿಣ ಕಾನೂನು ತಂದ ಮೇಲೆ ಊರಿನಲ್ಲಿ ಅಂಜಿಕೆ ಹೆಚ್ಚಿದೆ, ಹೊಸ ಮುಖ ಕಂಡರೆ ಜನ ಮನೆಯೊಳಗೆ ಸರಿಯುತ್ತಾರೆ ಎಂದರು. ಬಟ್ಟೆಯ ಮಾತು ನಮ್ಮ ಗುಂಪಿನ ಕೆಲವರಿಗೆ ಒರಟೆನಿಸಿತು. ನನಗೆ ಹಾಗನಿಸಲಿಲ್ಲ. ಹಳೆ ಬಟ್ಟೆ ಕೊಡುವವರು ಇಲ್ಲಿಗೆ ದಶಕಗಳಿಂದ ಬರುತ್ತಲೇ ಇದ್ದಾರೆ. ಅವರಿಂದ ಒಂದು ಬಕೆಟ್ಟಿನ ಕೂಲಿ ಒಂದು ಸೆಂಟೂ ಏರಲಿಲ್ಲ.

ಬುಧವಾರ

ನಸುಕಿನ ಐದು ಗಂಟೆಗೆ ಎದ್ದು ಊರ ನಡುವಿನ ಒಂದು ಕಿರಾಣಿ ಅಂಗಡಿಯ ಮುಂದಿನ ವಾಹನ ನಿಲುಗಡೆಗೆ ನಡೆದುಹೋದೆವು. ಕೂಲಿಕಾರರು ದಿನದ ಕೆಲಸಕ್ಕೆ ಬಸ್ ಹತ್ತುವ ಜಾಗ ಅದು. ಬೇರೆ ಬಣ್ಣ ಬಳಿದ ಹಳೆಯ ಶಾಲಾ ಬಸ್ಸುಗಳು ಸಾಲಾಗಿ ನಿಂತಿದ್ದವು. ಕತ್ತಲಲ್ಲಿ ಕೋಳಿಗಳು ರಸ್ತೆ ದಾಟುತ್ತಿದ್ದವು, ಹುಂಜಗಳು ಕೂಗುತ್ತಿದ್ದವು. ಕೈಯಲ್ಲಿ ಬುತ್ತಿ ಚೀಲ, ನೀರಿನ ಡಬ್ಬಿ, ಹಸಿರು ಕಲೆ ಹತ್ತಿದ ತೋಳುಗಳ ಅಂಗಿ. ಆಡುತ್ತಿದ್ದ ಮಾತು ಸ್ಪ್ಯಾನಿಷ್ ಒಂದೇ ಅಲ್ಲ. ಹೈಟಿಯ ಕ್ರಿಯೋಲ್, ಗ್ವಾಟೆಮಾಲಾದ ಮಾಯಾ ಜನರ ಮಾಮ್ ಭಾಷೆ, ಮೆಕ್ಸಿಕೊದ ಮಿಶ್ಟೆಕ್ ಭಾಷೆಗಳೂ ಕೇಳಿದವು. ಭಟ್ಕಳದವರು ಉಪವಾಸಕ್ಕೆ ಮುಂಚಿನ ನಸುಕಿನ ಊಟವಾದ ಸಹರಿ ಮುಗಿಸಿ ಒಂದು ಬಾಟಲಿ ನೀರನ್ನು ಅಲ್ಲೇ ಕುಡಿಯುತ್ತಿದ್ದರು. ಪಕ್ಕದಲ್ಲಿ ನಿಂತ ನಡುವಯಸ್ಸಿನ ಕೂಲಿಕಾರ ವಿಚಾರಿಸಿ, ಹಗಲೆಲ್ಲ ನೀರೂ ಇಲ್ಲವೆಂದು ತಿಳಿದು, ಹೊಲದಲ್ಲಿ ಹಾಗೆ ಇರಲಾಗದು ಎಂದು ತಲೆಯಾಡಿಸಿದ. ಭಟ್ಕಳದವರು ನನ್ನ ಕಡೆ ತಿರುಗಿ, "ಅಕ್ಕಾ, ನಾನು ಇಡೀ ದಿನ ಕೂತುಕೊಂಡೇ ಉಪವಾಸ ಮಾಡುವವನು," ಎಂದರು.

ಈ ನಿಲುಗಡೆ ಇನ್ನೂ ಹೀಗೆಯೇ ಇರಲು ಒಂದು ಹಳೆಯ ಕಾರಣವಿದೆ. 1935ರಲ್ಲಿ ಅಮೆರಿಕ ಸರ್ಕಾರ ಕಾರ್ಮಿಕರಿಗೆ ಸಂಘ ಕಟ್ಟುವ, ಮಾಲೀಕರೊಡನೆ ಚೌಕಾಶಿ ನಡೆಸುವ ಹಕ್ಕು ಕೊಟ್ಟಾಗ ಹೊಲದ ಕೂಲಿಕಾರರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. 1938ರ ಕನಿಷ್ಠ ಕೂಲಿಯ ಕಾನೂನಿನಲ್ಲೂ ಅವರನ್ನು ಸೇರಿಸಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆಗ ಈ ಎರಡೂ ಕೆಲಸಗಳನ್ನು ಮಾಡುತ್ತಿದ್ದವರು ಹೆಚ್ಚಾಗಿ ಕಪ್ಪು ಜನರು. ಅಲ್ಲಿನ ರಾಜಕಾರಣಿಗಳ ಮತ ಬೇಕಾಗಿದ್ದ ಸರ್ಕಾರ ಆ ಕಪ್ಪು ಜನರ ಪಾಲನ್ನು ಬಿಟ್ಟುಕೊಟ್ಟಿತು. ಹೊಲದವರಿಗೆ ಕನಿಷ್ಠ ಕೂಲಿ ಅನ್ವಯಿಸಿದ್ದು 1966ರ ತಿದ್ದುಪಡಿಯ ಬಳಿಕ. ಆದರೆ ಕೇಂದ್ರದ ಕಾನೂನಿನ ಪ್ರಕಾರ ಹೆಚ್ಚುವರಿ ದುಡಿಮೆಯ ಹಣ ಇಂದಿಗೂ ಅವರಿಗಿಲ್ಲ, ಸಂಘದ ಹಕ್ಕಿನ ರಕ್ಷಣೆಯೂ ಇಲ್ಲ. ಜನಾಂಗ ಬದಲಾಯಿತು, ಭಾಷೆ ಬದಲಾಯಿತು, ಕಾನೂನಿನ ಆ ಬಿರುಕು ಮಾತ್ರ ಹಾಗೇ ಉಳಿಯಿತು.

ಬಸ್ಸುಗಳು ಹೊರಟ ಮೇಲೆ ಎದುರಿಗೇ ಇರುವ ಸಂಘಟನೆಯ ಕಟ್ಟಡಕ್ಕೆ ಹೋದೆವು. ಕೊಯಲಿಶನ್ ಆಫ್ ಇಮೋಕಲಿ ವರ್ಕರ್ಸ್ ಎಂದು ಅದರ ಹೆಸರು. 1993ರಲ್ಲಿ ಒಂದು ಸಣ್ಣ ಗುಂಪು ಸ್ಥಳೀಯ ಕ್ಯಾಥೊಲಿಕ್ ಚರ್ಚಿನ ಕೋಣೆಯೊಂದನ್ನು ಕೇಳಿ ಪಡೆದು ವಾರಕ್ಕೊಮ್ಮೆ ಸೇರತೊಡಗಿತು. ಅಂದರೆ ಧರ್ಮದವರ ಕೊಡುಗೆ ಈ ಚಳವಳಿಗೆ ಮೊದಲು ಸಿಕ್ಕಿದ್ದು ಒಂದು ಬಾಗಿಲು, ಒಂದು ಬೆಂಚು, ಒಂದು ದೀಪದ ರೂಪದಲ್ಲಿ. ಏನು ಮಾತಾಡಬೇಕೆಂದು ಆ ಕೋಣೆಯಲ್ಲಿ ಯಾರೂ ಅವರಿಗೆ ಹೇಳಿಕೊಡಲಿಲ್ಲ. ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

1996ರ ರಕ್ತದ ಅಂಗಿಯ ಕಥೆಯನ್ನು ಅಲ್ಲಿ ಕೇಳಿದೆವು. ಗ್ವಾಟೆಮಾಲಾದಿಂದ ಬಂದಿದ್ದ ಹದಿಹರೆಯದ ಹುಡುಗನೊಬ್ಬ ಹೊಲದಲ್ಲಿ ಕಾಯಿ ಕೀಳುವುದನ್ನು ನಿಲ್ಲಿಸಿ ನೀರು ಕುಡಿಯಲು ಹೋದ. ಮೇಸ್ತ್ರಿ ಅವನನ್ನು ರಕ್ತ ಸುರಿಯುವಂತೆ ಹೊಡೆದ. ಹುಡುಗ ಅದೇ ಅಂಗಿಯಲ್ಲಿ ಸಂಘಟನೆಯ ಬಾಗಿಲಿಗೆ ಬಂದ. ಅಂದು ರಾತ್ರಿ ಸುಮಾರು 500 ಕೂಲಿಕಾರರು ಆ ಅಂಗಿಯನ್ನೇ ಬಾವುಟವಾಗಿ ಹಿಡಿದು ಮೇಸ್ತ್ರಿಯ ಮನೆಗೆ ಮೆರವಣಿಗೆ ಹೋದರು. ಮರುದಿನ ಅವನ ಬಸ್ಸನ್ನು ಯಾರೂ ಹತ್ತಲಿಲ್ಲ. ಒಬ್ಬನಿಗೆ ಬಿದ್ದ ಏಟು ಎಲ್ಲರಿಗೂ ಬಿದ್ದಂತೆ ಎಂದು ಅವರು ಅಂದು ಕೂಗಿದ್ದನ್ನು ಇಂದಿಗೂ ಸಭೆಗಳಲ್ಲಿ ಹೇಳುತ್ತಾರೆ. 1997ರ ಡಿಸೆಂಬರಿನಲ್ಲಿ ಆರು ಮಂದಿ, ಬೆಳೆಗಾರರು ತಮ್ಮೊಡನೆ ಮಾತುಕತೆಗೆ ಕೂರಲಿ ಎಂದು ಒತ್ತಾಯಿಸಿ, 30 ದಿನ ಉಪವಾಸ ಕುಳಿತರು. 2000ದಲ್ಲಿ ಫೋರ್ಟ್ ಮೈಯರ್ಸ್‌ನಿಂದ ಒರ್ಲ್ಯಾಂಡೊವರೆಗೆ ಸುಮಾರು 230 ಮೈಲಿ ನಡೆದರು. ಆ ನಡಿಗೆಯಲ್ಲಿ ಹೊತ್ತೊಯ್ದ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಕಂದು ಮೈಬಣ್ಣ, ಕೈಯಲ್ಲಿ ಟೊಮೆಟೊ ಬಕೆಟ್ಟು; ಅದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಇನ್ನೊಂದು ಪ್ರಸಂಗವನ್ನು ಕೇಳುವಾಗ ನನ್ನ ಕೈ ತಣ್ಣಗಾಯಿತು. 2007ರ ನವೆಂಬರಿನಲ್ಲಿ, ಇದೇ ಊರಿನ ಒಂದು ಹಿತ್ತಲಲ್ಲಿ, ಸರಕು ಲಾರಿಯ ಪೆಟ್ಟಿಗೆಯೊಳಗೆ ರಾತ್ರಿ ಕೂಡಿ ಹಾಕಿದ್ದ ಕೂಲಿಕಾರರು ಚಾವಣಿಯ ಗಾಳಿಕಿಂಡಿಯನ್ನು ಒಡೆದು ತಪ್ಪಿಸಿಕೊಂಡರು. ಅವರನ್ನು ಸಾಲದ ಲೆಕ್ಕ ತೋರಿಸಿ ಹಿಡಿದಿಡಲಾಗಿತ್ತು. ಹಿತ್ತಲ ಕೊಳವೆ ನೀರಿನಲ್ಲಿ ಸ್ನಾನ ಮಾಡಿದರೆ ಅದಕ್ಕೂ 5 ಡಾಲರ್ ಸಾಲಕ್ಕೆ ಸೇರುತ್ತಿತ್ತು. ದುಡಿಸಿದ ಇಬ್ಬರು ಸಹೋದರರಿಗೆ 2008ರ ಡಿಸೆಂಬರಿನಲ್ಲಿ ನ್ಯಾಯಾಲಯ ತಲಾ 12 ವರ್ಷ ಸಜೆ ವಿಧಿಸಿತು. ಮುಂಗಡ ಕೊಟ್ಟು ಜೀವಮಾನದ ದುಡಿಮೆ ಬರೆಸಿಕೊಳ್ಳುವ ಜೀತ ನಮ್ಮ ದೇಶದಲ್ಲಿ 1976ರ ಕಾನೂನಿನಿಂದ ನಿಷಿದ್ಧವಾಯಿತು. ಆದರೂ ಆನೇಕಲ್ಲಿನ ಕಡೆ, ಕೋಲಾರದ ಕಲ್ಲುಕ್ವಾರಿಗಳ ಕಡೆ ಜೀತ ಬಿಡಿಸುವ ಕೆಲಸ ಆಮೇಲೂ ನಡೆಯಬೇಕಾಯಿತು ಎಂಬುದು ಬಲ್ಲವರಿಗೆ ಗೊತ್ತು. ಇಲ್ಲಿನ ಸಂಘಟನೆಯವರು ಇಂಥ ಹಲವು ಪ್ರಕರಣಗಳನ್ನು ಹೊರಗೆಳೆದು, ಸಾಕ್ಷ್ಯ ಒದಗಿಸಿ, ನ್ಯಾಯಾಲಯಕ್ಕೆ ಮುಟ್ಟಿಸಿದ್ದಾರೆ. ಕೂಲಿಕಾರರೇ ಕೂಲಿಕಾರರ ಮಾತು ಕೇಳಿಸಿಕೊಳ್ಳುವುದರಿಂದ ಮಾತ್ರ ಅದು ಸಾಧ್ಯವಾಯಿತು.

ರಾತ್ರಿ ವಾರದ ಸಭೆ. ಹೊಲದಿಂದ ಬಂದವರು ಮುಖ ತೊಳೆದು, ಮಕ್ಕಳನ್ನು ಎತ್ತಿಕೊಂಡು ಬಂದರು. ಗೋಡೆಗೆ ಒಂದು ಚಿತ್ರ ಅಂಟಿಸಿ, ಇದರಲ್ಲಿ ಏನು ಕಾಣುತ್ತದೆ ಎಂದು ಕೇಳುತ್ತಾರೆ. ಓದಲು ಬಾರದವರೂ ಮಾತಾಡಬೇಕೆಂಬುದು ಉದ್ದೇಶ. ನಮ್ಮನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಒಬ್ಬೊಬ್ಬರಾಗಿ ಹೆಸರು ಹೇಳಿದೆವು, ಆಮೇಲೆ ಸುಮ್ಮನೆ ಕೇಳಿಸಿಕೊಂಡೆವು. ಗುರುಗಳು, ಪಾದ್ರಿಗಳು, ರಬೈಗಳು ಸಾಮಾನ್ಯವಾಗಿ ವೇದಿಕೆಯ ಮೇಲಿರುವವರು. ಅವರು ಹಿಂದೆ ಕೂತು ಟಿಪ್ಪಣಿ ಬರೆದುಕೊಳ್ಳುವುದನ್ನು ನೋಡಿ ನನಗೆ ಈ ಬಾಂಧವ್ಯದ ರೀತಿ ಸ್ವಲ್ಪ ಸ್ವಲ್ಪವಾಗಿ ಅರ್ಥವಾಗತೊಡಗಿತು.

ಗುರುವಾರ

ಕೂಲಿಕಾರರ ಹಕ್ಕುಗಳ ಬಗ್ಗೆ ಸಂಘಟನೆಯೊಡನೆ ಮಾಡಿಕೊಂಡ ಒಪ್ಪಂದಕ್ಕೆ ಸಹಿ ಹಾಕಿದ ಒಂದು ಹೊಲಕ್ಕೆ ಇಂದು ಹೋಗಿದ್ದೆವು. ಇಬ್ಬನಿ ಆರುವವರೆಗೆ ಕಾಯಿ ಕೀಳುವಂತಿಲ್ಲ. ಹಿಂದೆಲ್ಲ ಕೂಲಿಕಾರರು ನಸುಕಿನಲ್ಲೇ ಬಂದು, ಗಂಟೆಗಟ್ಟಲೆ ಬಸ್ಸಿನಲ್ಲಿ ಕಾದು, ಆ ಹೊತ್ತಿಗೆ ಕಾಸಿಲ್ಲದೆ ಕೂರಬೇಕಿತ್ತು. ಈಗ ಇಳಿದ ಕೂಡಲೇ ಪ್ರತಿಯೊಬ್ಬರೂ ಕಾರ್ಡನ್ನು ಯಂತ್ರಕ್ಕೆ ತೋರಿಸುತ್ತಾರೆ; ಲೆಕ್ಕ ಅಲ್ಲಿಂದಲೇ ಶುರು.

ಕೆಲಸ ಶುರುವಾದ ಮೇಲೆ ಒಬ್ಬ ಯುವಕನನ್ನೇ ನಾನು ಗಮನಿಸುತ್ತ ನಿಂತೆ. ಅವನು ಬಾಗಿ, ಎರಡೂ ಕೈಗಳಿಂದ ಗಿಡದ ಒಡಲು ತಡಕಿ ಹಸಿರು ಕಾಯಿಗಳನ್ನು ಬಕೆಟ್ಟಿಗೆ ಉದುರಿಸಿದ. ಬಕೆಟ್ ತುಂಬುತ್ತಲೇ ಭುಜಕ್ಕೇರಿಸಿ ಸಾಲುಗಳ ನಡುವೆ ಓಡಿದ, ಲಾರಿಯ ಮೇಲೆ ನಿಂತವನ ಕೈಗೆ ಎತ್ತಿ ಎಸೆದ. ಮೇಲಿನವನು ಸುರಿದು ಖಾಲಿ ಬಕೆಟ್ಟನ್ನು ವಾಪಸು ಎಸೆದ. ಅದು ನೆಲ ಮುಟ್ಟುವ ಮೊದಲೇ ಹಿಡಿದು ಹುಡುಗ ಮತ್ತೆ ಸಾಲಿಗೆ ಓಡಿದ. ತುಂಬಿದ ಬಕೆಟ್ಟಿನ ತೂಕ 32 ಪೌಂಡ್, ಅಂದರೆ ಹದಿನಾಲ್ಕೂವರೆ ಕಿಲೋ. ಕೋಲಾರದ ಎಪಿಎಂಸಿ ಮಂಡಿಯಲ್ಲಿ ಹರಾಜಿಗೆ ಬರುವ 15 ಕಿಲೋ ಬಾಕ್ಸಿಗೆ ಹೆಚ್ಚುಕಡಿಮೆ ಸಮ. ನಮ್ಮ ತಂದೆಯ ಹೊಲದಲ್ಲಿ ಹೆಣ್ಣುಮಕ್ಕಳು ಕಿತ್ತು ತಂದು ಬಾಕ್ಸಿಗೆ ಜೋಡಿಸುತ್ತಿದ್ದದ್ದನ್ನು ನಾನು ಕಂಡಿದ್ದೆ. ಅದೇ ಭಾರವನ್ನು ಹೊತ್ತು ಒಬ್ಬ ಮನುಷ್ಯ ದಿನವಿಡೀ ಓಡುವುದನ್ನು ಕಂಡದ್ದು ಇಲ್ಲಿ. ಒಪ್ಪಂದಕ್ಕೆ ಮುಂಚೆ ಬಕೆಟ್ಟಿಗೆ 40ರಿಂದ 45 ಸೆಂಟ್ ಸಿಗುತ್ತಿತ್ತು. ಹತ್ತು ಗಂಟೆಯ ದಿನಕ್ಕೆ ಕನಿಷ್ಠ ಕೂಲಿಯಷ್ಟು ಗಳಿಸಬೇಕಾದರೆ ಎರಡು ಟನ್ನಿಗಿಂತ ಹೆಚ್ಚು ಕಾಯಿ ಕೀಳಬೇಕಿತ್ತು. ಅದರ ಮೇಲೆ ಬಕೆಟ್ಟಿನ ಬಾಯಿ ಮೀರಿ ಗೋಪುರ ಒಟ್ಟಿದರಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆ ಗೋಪುರದ ಕಾಯಿಗೆ ಕೂಲಿಯಿಲ್ಲ. ಹತ್ತು ಬಕೆಟ್ಟಿಗೆ ಒಂದು ಬಕೆಟ್ಟಿನಷ್ಟು ಬಿಟ್ಟಿ ದುಡಿಮೆ. ಈಗ ಬಾಯಿಮಟ್ಟ ಎಂದರೆ ಬಾಯಿಮಟ್ಟ. ಅದರ ಚಿತ್ರವನ್ನೇ ಕೂಲಿಕಾರರಿಗೆ ಕೊಡುವ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ.

ಮಧ್ಯಾಹ್ನ ನೆರಳಿನ ಚಪ್ಪರದ ಕೆಳಗೆ ಹಕ್ಕುಗಳ ಪಾಠ ನಡೆಯಿತು. ಪಾಠ ಹೇಳಿದವರು ನಿನ್ನೆಮೊನ್ನೆಯವರೆಗೆ ಇದೇ ಬಕೆಟ್ ಹೊತ್ತವರು, ಕೇಳುವವರಿಗೆ ಆ ಹೊತ್ತಿನ ಕೂಲಿಯೂ ಉಂಟು. ಈ ವ್ಯವಸ್ಥೆಗೆ ಫೇರ್ ಫುಡ್ ಪ್ರೋಗ್ರಾಂ ಎನ್ನುತ್ತಾರೆ. 2010ರ ನವೆಂಬರಿನಲ್ಲಿ ಫ್ಲಾರಿಡಾದ ಟೊಮೆಟೊ ಬೆಳೆಗಾರರ ಸಂಘ ಒಪ್ಪಿದ ಮೇಲೆ 2011ರಿಂದ ಬಹುತೇಕ ಹೊಲಗಳಲ್ಲಿ ಜಾರಿಗೆ ಬಂತು. ದೊಡ್ಡ ಖರೀದಿದಾರರು ಪೌಂಡಿಗೆ ಸುಮಾರು ಒಂದು ಸೆಂಟ್ ಹೆಚ್ಚು ಕೊಡುತ್ತಾರೆ, ಅದು ಕೂಲಿಕಾರರ ವಾರದ ಚೀಟಿಯಲ್ಲಿ ಪ್ರತ್ಯೇಕ ಸಾಲಾಗಿ ಕಾಣುತ್ತದೆ. ದೂರು ಹೇಳಲು ಹಗಲುರಾತ್ರಿ ಎತ್ತುವ ಫೋನ್ ಇದೆ. ತನಿಖೆ ನಡೆಸುವುದು ಪ್ರತ್ಯೇಕ ಸಂಸ್ಥೆ. ನ್ಯೂಯಾರ್ಕಿನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದ ಲಾರಾ ಸೇಫರ್ ಎಸ್ಪಿನೋಜಾ ಅದನ್ನು ಕಟ್ಟಿ ಬೆಳೆಸಿದರು. ಜೀತ, ಮಕ್ಕಳ ದುಡಿಮೆ ಅಥವಾ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ನಡೆದು, ಹೊಲದವರು ಅದನ್ನು ಸರಿಪಡಿಸದೆ ಹೋದರೆ ಸಹಿ ಹಾಕಿದ ಕಂಪನಿಗಳೆಲ್ಲ ಅವರಿಂದ ಕೊಳ್ಳುವುದನ್ನು ನಿಲ್ಲಿಸಬೇಕು. ಇಡೀ ವ್ಯವಸ್ಥೆಯ ಬೆನ್ನೆಲುಬು ಈ ಕೊನೆಯ ಷರತ್ತು. ಕಾಗದದ ಮೇಲೆ ಒಳ್ಳೆಯ ಮಾತು ಬರೆದ ಕಂಪನಿಗಳು ಲೋಕದಲ್ಲಿ ಬೇಕಾದಷ್ಟಿವೆ. ಮಾಲು ಕೊಳ್ಳುವುದನ್ನು ನಿಲ್ಲಿಸುತ್ತೇವೆ ಎಂದು ಕೂಲಿಕಾರರಿಗೇ ಬರೆದುಕೊಟ್ಟವು ಅಪರೂಪ.

ಪಾಠದ ಕೊನೆಗೆ ಒಬ್ಬ ಹೆಂಗಸು ಕೈಯೆತ್ತಿ, ಮೊದಲು ತಾನು ದುಡಿದ ಬೇರೊಂದು ರಾಜ್ಯದ ಹೊಲದಲ್ಲಿ ಮೇಲ್ವಿಚಾರಕನಿಗೆ ಹೆದರಿ ಶೌಚಕ್ಕೂ ಒಬ್ಬಳೇ ಹೋಗುತ್ತಿರಲಿಲ್ಲ, ಇಲ್ಲಿ ಹೋಗುತ್ತೇನೆ ಎಂದಳು. ಅನುವಾದಿಸಿ ಹೇಳುತ್ತಿದ್ದ ಸನ್ಯಾಸಿನಿ ಅಷ್ಟು ಹೇಳಿ ಸುಮ್ಮನಾದರು.

ಬಿಸಿಲಿನ ತಿಂಗಳುಗಳಲ್ಲಿ ಪ್ರತಿ ಎರಡು ಗಂಟೆಗೊಮ್ಮೆ 10 ನಿಮಿಷ ಬಿಡುವು ಕಡ್ಡಾಯವೆಂಬ ನಿಯಮವೂ ಈ ಹೊಲಗಳಲ್ಲಿದೆ. 2024ರಲ್ಲಿ ಫ್ಲಾರಿಡಾದ ಶಾಸನಸಭೆ, ಯಾವ ಕೌಂಟಿಯಾಗಲಿ ನಗರವಾಗಲಿ ಬಿಸಿಲಿನಿಂದ ಕಾರ್ಮಿಕರನ್ನು ಕಾಪಾಡುವ ತನ್ನದೇ ನಿಯಮ ಮಾಡಕೂಡದು ಎಂದು ಕಾನೂನು ತಂದಿತು. ಸರ್ಕಾರ ಕೈಬಿಟ್ಟ ಕಡೆ ಒಂದು ಖಾಸಗಿ ಒಪ್ಪಂದ ನೆರಳು, ನೀರು ಒದಗಿಸುತ್ತಿದೆ ಎಂಬುದು ಸಂತೋಷದ ಮಾತೂ ಹೌದು, ಚಿಂತೆಯ ಮಾತೂ ಹೌದು. ಒಪ್ಪಂದದ ಬೇಲಿಯ ಆಚೆಗಿರುವ ಹೊಲಗಳೇ ದೇಶದಲ್ಲಿ ಹೆಚ್ಚು.

ಶುಕ್ರವಾರ

ಸಹಿ ಹಾಕದ ಕಂಪನಿಯೊಂದರ ಊಟದ ಮಳಿಗೆಗೆ ಇಂದು ಪತ್ರ ಒಯ್ದೆವು. ಪತ್ರದಲ್ಲಿ ಏನಿರಬೇಕು, ಯಾರು ಮಾತಾಡಬೇಕು ಎಂಬುದನ್ನು ಸಂಘಟನೆಯವರೇ ನಿರ್ಧರಿಸಿದ್ದರು. ಮಳಿಗೆಯ ವ್ಯವಸ್ಥಾಪಕ ಇಪ್ಪತ್ತೈದು ದಾಟದ ಹುಡುಗ. ಕೌಂಟರಿನಿಂದ ಹೊರಬಂದು, ಪಾದ್ರಿಯವರ ಕುತ್ತಿಗೆಪಟ್ಟಿಯನ್ನೂ ರಬೈಯವರ ಟೋಪಿಯನ್ನೂ ನೋಡಿ ವಿನಯದಿಂದ ಪತ್ರ ತೆಗೆದುಕೊಂಡ. ಮೇಲಿನವರಿಗೆ ಕಳಿಸುತ್ತೇನೆ ಎಂದ. ಐದು ನಿಮಿಷದಲ್ಲಿ ಮುಗಿಯಿತು. ಇಂಥ ಐದು ನಿಮಿಷಗಳು ಸಾವಿರಾರು ಕೂಡಿದಾಗ ಏನಾಗುತ್ತದೆಂದು ವಾಪಸು ಬರುವಾಗ ಪಾದ್ರಿಯವರು ವಿವರಿಸಿದರು.

2001ರಲ್ಲಿ ಕೂಲಿಕಾರರು ಟ್ಯಾಕೊ ಬೆಲ್ ಎಂಬ ಫಾಸ್ಟ್‌ಫುಡ್ ಮಳಿಗೆಗಳ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಬೆಳೆಗಾರರನ್ನು ಹಿಂಡುವವರು ಅಗ್ಗಕ್ಕೆ ಸಗಟು ಕೊಳ್ಳುವ ದೊಡ್ಡ ಕಂಪನಿಗಳು, ಆದ್ದರಿಂದ ಮಾತಾಡಬೇಕಾದದ್ದು ಅವರೊಡನೆ ಎಂಬುದು ಕೂಲಿಕಾರರು ತಾವೇ ಕೂತು ಬಿಡಿಸಿದ ಲೆಕ್ಕ. 2002ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ ಬಹಿಷ್ಕಾರವನ್ನು ಬೆಂಬಲಿಸಲು ನಿರ್ಣಯಿಸಿತು. ಟ್ಯಾಕೊ ಬೆಲ್ಲಿನ ಒಡೆಯ ಕಂಪನಿಯಾದ ಯಮ್ ಬ್ರಾಂಡ್ಸ್‌ನ ಮುಖ್ಯ ಕಚೇರಿ ಇರುವುದು ಕೆಂಟಕಿಯ ಲೂಯಿವಿಲ್ ನಗರದಲ್ಲಿ. ಪ್ರೆಸ್ಬಿಟೇರಿಯನ್ ಚರ್ಚಿನ ರಾಷ್ಟ್ರೀಯ ಕಚೇರಿಯೂ ಅದೇ ನಗರದಲ್ಲಿ. ದೂರದ ಫ್ಲಾರಿಡಾದಿಂದ ಬಂದ ಕೂಲಿಕಾರರಿಗೆ ಕಂಪನಿಯ ಊರಿನಲ್ಲೇ ಒಂದು ಮನೆ ಸಿಕ್ಕಿತು. ಮರುವರ್ಷ ರಾಷ್ಟ್ರೀಯ ಚರ್ಚುಗಳ ಮಂಡಳಿಯೂ ಬೆಂಬಲಕ್ಕೆ ನಿಂತಿತು, ವಿದ್ಯಾರ್ಥಿಗಳು ಕಾಲೇಜುಗಳಿಂದ ಆ ಮಳಿಗೆಗಳನ್ನು ಹೊರಹಾಕಿಸತೊಡಗಿದರು. 2005ರ ಮಾರ್ಚ್ 8ರಂದು ಲೂಯಿವಿಲ್‌ನಲ್ಲೇ ಕಂಪನಿ ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಲು ಒಪ್ಪಿತು. ಮುಂದೆ 2007ರಲ್ಲಿ ಮ್ಯಾಕ್‌ಡೊನಾಲ್ಡ್ಸ್, 2008ರಲ್ಲಿ ಬರ್ಗರ್ ಕಿಂಗ್ ಮತ್ತು ಹೋಲ್ ಫುಡ್ಸ್, 2014ರಲ್ಲಿ ವಾಲ್‌ಮಾರ್ಟ್ ಸಹಿ ಹಾಕಿದವು. ಮಾತುಕತೆಯ ಮೇಜಿನಲ್ಲಿ ಸಹಿ ಹಾಕಿದವರು ಕೂಲಿಕಾರರ ಪ್ರತಿನಿಧಿಗಳೇ ಎಂಬುದನ್ನು ಪಾದ್ರಿಯವರು ಒತ್ತಿ ಹೇಳಿದರು. ಚರ್ಚು ನಡುವೆ ಕೂತು ರಾಜಿ ಪಂಚಾಯಿತಿ ಮಾಡಲು ಹೋಗಲಿಲ್ಲ. ಒಂದು ಪಕ್ಷದ ಹಿಂದೆ ನಿಂತಿತು, ಅಷ್ಟೆ. ನೊಂದವನಿಗೂ ನೋಯಿಸಿದವನಿಗೂ ನಡುವೆ ಸರಿಸಮ ದೂರದಲ್ಲಿ ನಿಲ್ಲುವುದನ್ನು ಧರ್ಮವೆಂದು ತಿಳಿದಿರುವ ಮಠ, ಮಂದಿರ, ಚರ್ಚುಗಳು ನಮ್ಮಲ್ಲೂ ಇವೆ. ಅವರಿಗೆ ಈ ಲೂಯಿವಿಲ್ ಪ್ರಸಂಗವನ್ನು ಯಾರಾದರೂ ಕೂತು ಹೇಳಬೇಕು ಎಂದು ನನ್ನ ಆಸೆ.

ಸೂರ್ಯ ಇಳಿಯುವಾಗ, ಯಹೂದಿಗಳ ವಾರದ ವಿಶ್ರಾಂತಿ ದಿನ ಶುರುವಾಗುವ ಶಬ್ಬತ್ ಊಟ. ಕ್ಯಾಥೊಲಿಕ್ ಸನ್ಯಾಸಿನಿಗೆ ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಮಾಂಸವಿಲ್ಲ. ಭಟ್ಕಳದವರಿಗೆ ಇಫ್ತಾರ್, ಖರ್ಜೂರವನ್ನು ಎಲ್ಲರಿಗೂ ಹಂಚಿದರು. ನನಗೆ ಯುಗಾದಿ ಹತ್ತಿರದಲ್ಲಿತ್ತು. ರಬೈಯವರು ದೀಪ ಹಚ್ಚಿ, ರೊಟ್ಟಿ ಮುರಿದು, ತಮ್ಮ ಪಾಸ್ಕ ಹಬ್ಬದ ಮಾತು ತೆಗೆದರು. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದದ್ದನ್ನು ನೆನೆಯುವ ಆ ಹಬ್ಬದ ತಟ್ಟೆಯಲ್ಲಿ ಕಹಿ ಸೊಪ್ಪು ಮೊದಲಾದವುಗಳ ಜೊತೆ ಒಂದು ಟೊಮೆಟೊ ಇಡಿ ಎಂದು ಟ್ರುವಾ ಎಂಬ ರಬೈಗಳ ಮಾನವ ಹಕ್ಕು ಸಂಘಟನೆ ಕೆಲವು ವರ್ಷಗಳ ಹಿಂದೆ ಹೇಳಿತು. ಅದು 2011ರಿಂದ ರಬೈಗಳ ತಂಡಗಳನ್ನು ಇಮೋಕಲಿಗೆ ಕರೆತರುತ್ತಿದೆ. ಇಲ್ಲಿನವರು ಅವರನ್ನು ಟೊಮೆಟೊ ರಬೈಗಳು ಎಂದೇ ಕರೆಯುತ್ತಾರೆ. ಪ್ರತಿ ತಲೆಮಾರಿನವನೂ ಈಜಿಪ್ಟಿನಿಂದ ತಾನೇ ಹೊರಬಂದೆನೆಂದು ತಿಳಿಯಬೇಕು ಎಂಬುದು ತಮ್ಮ ವಿಧಿ, ಹಾಗೆ ತಿಳಿದವನು ಲಾರಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡವರನ್ನು ಪರರೆಂದು ಹೇಗೆ ಎಣಿಸಲಿ ಎಂದು ಅವರು ಕೇಳಿದರು.

ನಿಮ್ಮ ಕಡೆ ಏನಿದೆ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಯ್ದಕ್ಕಿ ಲಕ್ಕಮ್ಮನ ವಿಷಯ ಹೇಳಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡ ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದ ಹೆಣ್ಣುಮಗಳು ಆಕೆ. ದಾಸೋಹ ಮಾಡುವ ಕೈ ಯಾವ ಅಕ್ಕಿಯಿಂದ ಮಾಡುತ್ತಿದೆ, ಆ ಅಕ್ಕಿ ಹೇಗೆ ಬಂತು ಎಂದು ಕೇಳುವ ಹಕ್ಕನ್ನು ನಮಗೆ ಬಿಟ್ಟುಹೋದವರು ಅಂಥವರು. ಇದನ್ನು ಹೇಳುವಾಗಲೇ ನನಗೆ ನಮ್ಮ ಸಮಾಜದ ಬಗ್ಗೆ ಒಂದು ಮಾತು ಹೇಳಬೇಕೆನಿಸಿತು. ಅಮೆರಿಕದಲ್ಲಿರುವ ನಾವು ದೇವಸ್ಥಾನಗಳಲ್ಲಿ, ಸಂಘಗಳಲ್ಲಿ ಅನ್ನದಾನವನ್ನು ಪ್ರೀತಿಯಿಂದ ಮಾಡುತ್ತೇವೆ. ಸಾರಿಗೆ ಬಿದ್ದ ಟೊಮೆಟೊ ಯಾರ ಕೈಯಿಂದ ಬಂತೆಂದು ಕೇಳುವ ಅಭ್ಯಾಸವನ್ನು ಮಾತ್ರ ಬೆಳೆಸಿಕೊಂಡಿಲ್ಲ. ಊರಲ್ಲಿ ಕೂಲಿಯವರ ಹೆಸರು ಹಿಡಿದು ಕರೆಯುತ್ತಿದ್ದ ರೈತರ ಮಕ್ಕಳೇ ಇಲ್ಲಿ ಹೀಗಾದದ್ದು ನನಗೆ ನೋವಿನ ವಿಷಯ. ಭಟ್ಕಳದವರು, "ನಮ್ಮ ಮಸೀದಿಯಲ್ಲೂ ಇದೇ ಕಥೆ ಅಕ್ಕಾ, ಮಾಂಸ ಹಲಾಲೋ ಎಂದು ನೂರು ಸಲ ಕೇಳುತ್ತೇವೆ, ಕೂಲಿ ಹಲಾಲೋ ಎಂದು ಕೇಳುವುದಿಲ್ಲ," ಎಂದರು. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿಯವರ ಮಾತನ್ನೂ ನೆನಪಿಸಿದರು.

ಶನಿವಾರ

ಹೊರಡುವ ಮೊದಲು ಸಂಘಟನೆಯ ಸದಸ್ಯರೊಡನೆ ಕೊನೆಯ ಬಾರಿ ಕೂತೆವು. ನಿಮ್ಮಿಂದ ನಮಗೇನು ಬೇಕು ಎಂಬುದನ್ನು ಅವರು ಬಿಡಿಸಿ ಹೇಳಿದರು. ಕರೆ ಬಂದಾಗ ಮೆರವಣಿಗೆಗೆ ಬನ್ನಿ, ನಿಮ್ಮ ನಿಲುವಂಗಿ, ಟೋಪಿ, ರುದ್ರಾಕ್ಷಿ ಏನಿದೆಯೋ ಅದನ್ನು ಧರಿಸಿಕೊಂಡೇ ಬನ್ನಿ, ಏಕೆಂದರೆ ಕಂಪನಿಯವರು ನಮ್ಮನ್ನು ಹೊರದೂಡುವಷ್ಟು ಸುಲಭವಾಗಿ ನಿಮ್ಮನ್ನು ದೂಡಲಾರರು. ವೆಂಡೀಸ್ ಎಂಬ ಫಾಸ್ಟ್‌ಫುಡ್ ಕಂಪನಿಯ ವಿರುದ್ಧ 2016ರಲ್ಲಿ ಕೊಟ್ಟ ಬಹಿಷ್ಕಾರದ ಕರೆಯನ್ನು ನಿಮ್ಮ ಸಭೆಗಳಲ್ಲಿ ಓದಿ ಹೇಳಿ. ಪ್ರಾರ್ಥನಾ ಮಂದಿರಗಳ ಪಿಂಚಣಿ ನಿಧಿ ಯಾವ ಕಂಪನಿಯ ಷೇರಿನಲ್ಲಿದೆ ಎಂದು ವಿಚಾರಿಸಿ, ಇದ್ದರೆ ಷೇರುದಾರರ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿ. ನಮ್ಮ ಪರವಾಗಿ ಪತ್ರಿಕೆಯವರೊಡನೆ ಮಾತಾಡಬೇಡಿ. ನಮ್ಮನ್ನು ಮಾತಾಡಲು ಕರೆಯಿರಿ. ಸಿನಗಾಗಿನ ಸದಸ್ಯರೊಬ್ಬರು ಹಣ ಕೊಡಬಹುದೇ ಎಂದು ಕೇಳಿದಾಗ, ಕೊಡಬಹುದು, ಆದರೆ ಹಣ ಕೊಟ್ಟವರಿಗೆ ಬುಧವಾರದ ಸಭೆಯಲ್ಲಿ ಹೆಚ್ಚಿನ ಕುರ್ಚಿಯಿಲ್ಲ ಎಂದು ಒಬ್ಬರು ನಗುತ್ತ ಉತ್ತರಿಸಿದರು.

ವರ್ಮಾಂಟ್ ರಾಜ್ಯದ ಹೈನು ಕೂಲಿಕಾರರು ಇಮೋಕಲಿಯ ಮಾದರಿಯನ್ನೇ ಹಿಡಿದು ಹೋರಾಡಿ, 2017ರಲ್ಲಿ ಬೆನ್ ಅಂಡ್ ಜೆರ್ರೀಸ್ ಎಂಬ ಐಸ್‌ಕ್ರೀಮ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ಸಂಗತಿಯನ್ನೂ ಅವರು ಹೇಳಿದರು. ಕರ್ನಾಟಕದಲ್ಲಿ ಕೊಳ್ಳುವವರು ದೊಡ್ಡ ಕಂಪನಿಗಳಲ್ಲ, ಸಾವಿರ ಮಂದಿ ವ್ಯಾಪಾರಿಗಳು. ಹೊಲದ ಮಾಲೀಕನೂ ಬೆಲೆ ಬಿದ್ದ ದಿನ ಬಾಕ್ಸುಗಳನ್ನು ರಸ್ತೆಗೆ ಸುರಿಯುವ ಸಣ್ಣ ರೈತ. ಆದ್ದರಿಂದ ಇದೇ ದಾರಿ ನಮ್ಮಲ್ಲಿ ನಡೆದೀತೆಂದು ನಾನು ಹೇಳಲಾರೆ. ಆದರೆ ಕೂಲಿ ಹೆಣ್ಣುಮಕ್ಕಳನ್ನೇ ಕೂರಿಸಿಕೊಂಡು, ನಿಮ್ಮ ದುಡಿಮೆಯಲ್ಲಿ ಯಾವುದು ಸಹಿಸಲಾಗದ್ದು ಎಂದು ಮೊದಲು ಕೇಳುವುದಕ್ಕೆ ಯಾವ ಕಂಪನಿಯ ಸಹಿಯೂ ಬೇಕಿಲ್ಲ.

ಟ್ಯಾಂಪಾಗೆ ಬಂದ ರಾತ್ರಿಯೇ ನಮ್ಮ ಕನ್ನಡ ಕೂಟದ ಸಮಿತಿಗೆ ಬರೆದೆ. ಯುಗಾದಿ ಊಟಕ್ಕೆ ಸಾರು, ಗ್ರೇವಿ, ಕೋಸಂಬರಿಗೆಂದು ಕೊಳ್ಳುವ ಟೊಮೆಟೊವನ್ನು ಒಪ್ಪಂದಕ್ಕೆ ಸಹಿ ಹಾಕಿದ ಅಂಗಡಿಗಳಿಂದಲೇ ತರೋಣ, ಊಟಕ್ಕೆ ಮುಂಚೆ ಹತ್ತು ನಿಮಿಷ ಇಮೋಕಲಿಯ ಒಬ್ಬರಿಂದ ಮಾತಾಡಿಸೋಣ ಎಂದು ಕೇಳಿದೆ. ಅಧ್ಯಕ್ಷರು, "ಮೇಡಂ, ಯಾವ ಯಾವ ಅಂಗಡಿ, ಪಟ್ಟಿ ಕಳಿಸಿ, ಅಡುಗೆಯವರಿಗೆ ಬೆಲೆ ಕೇಳಬೇಕು," ಎಂದು ಬರೆದರು. ಹೋಲ್ ಫುಡ್ಸ್, ಟ್ರೇಡರ್ ಜೋಸ್, ವಾಲ್‌ಮಾರ್ಟ್, ಫ್ರೆಶ್ ಮಾರ್ಕೆಟ್ ಹೆಸರುಗಳನ್ನು ಕಳಿಸಿ, ಪೆಟ್ಟಿಗೆ ಕೊಳ್ಳುವಾಗ ಅದು ಒಪ್ಪಂದದ ಹೊಲದ್ದೇ ಎಂದು ಅಂಗಡಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕೆಂದೂ ಸೇರಿಸಿದೆ. ಭಾಷಣದ ವಿಷಯ ಮುಂದಿನ ಸಮಿತಿ ಸಭೆಗೆ ಬಂದಿದೆ. ಕಾರ್ಯಕ್ರಮ ಆಗಲೇ ಉದ್ದವಾಗಿದೆ ಎಂದು ಕೆಲವರ ಆಕ್ಷೇಪ. ನೃತ್ಯಗಳಲ್ಲಿ ಒಂದನ್ನು ಕಡಿಮೆ ಮಾಡಬಹುದೆಂದು ನಾನು ಸೂಚಿಸಿದ್ದೇನೆ.